ಟ್ಯಾಂಕರಕ್ಕನ ಬದನೆ, ತಂಗಿಯ ಕುಂಬಳ

ಟ್ಯಾಂಕರಕ್ಕನನ್ನು ಮೊದಲ ಸಲ ನೋಡಿದವರು ಅವಳು ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಕೆಲಸಕ್ಕಿದ್ದಾಳೆ ಎಂದುಕೊಳ್ಳುತ್ತಾರೆ. ಶರಟಿನ ಕಾಲರು ಅಷ್ಟು ಬೆಳ್ಳಗೆ. ಮಧ್ಯಾಹ್ನದ ಬಿಸಿಲಲ್ಲಿ ಅವಳು ಎದುರು ಬಂದರೆ ಸೈಕಲ್ಲಿನವರು ಕಣ್ಣು ಕೋರೈಸಿ ಚರಂಡಿಗೆ ಇಳಿದದ್ದುಂಟು. ಅವಳು ಓಡಿಸುವುದು ಬಗ್ಗಡದ ಟ್ಯಾಂಕರು ಎಂದರೆ ಯಾರೂ ನಂಬುವುದಿಲ್ಲ. ಟ್ಯಾಂಕರನ್ನೇ ಕರೆದೊಯ್ದು ತೋರಿಸಿದರೂ ನಂಬುವುದಿಲ್ಲ. ಅದರ ಹೊಟ್ಟೆಯ ತಗಡಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಮೀಟಿಂಗ್ ಇದ್ದ ದಿನ ಡೈರಿಯ ಮ್ಯಾನೇಜರು ಬಾಚಿಕೊಳ್ಳುವುದು ಅಲ್ಲಿಯೇ.

ಬಗ್ಗಡ ಎಂದರೆ ಏನೆಂದು ತಿಳಿಯದವರಿಗೆ ಒಂದು ಮಾತು. ಡೈರಿಯಲ್ಲಿ ಹಸುಗಳ ಸೆಗಣಿಯನ್ನು ನೀರಿನಲ್ಲಿ ಕಲಸಿ ಮುಚ್ಚಿದ ಗುಂಡಿಗೆ ಬಿಡುತ್ತಾರೆ. ಅದು ಒಳಗೇ ಕೊಳೆತು ಗ್ಯಾಸು ಬಿಡುತ್ತದೆ, ಗ್ಯಾಸಿನಿಂದ ಹಾಲು ಕಾಯುತ್ತದೆ. ಇದ್ದಬದ್ದ ಗ್ಯಾಸನ್ನೆಲ್ಲ ಕೊಟ್ಟು ಸುಸ್ತಾಗಿ ಇನ್ನೊಂದು ಬಾಯಿಂದ ಹೊರಬರುವ ಕಪ್ಪು ಅಂಬಲಿಯೇ ಬಗ್ಗಡ. ಓದಿದವರು ಅದನ್ನು ಸ್ಲರಿ ಎನ್ನುತ್ತಾರೆ, ಮೂಗು ಮುಚ್ಚಿಕೊಂಡವರು ಏನೂ ಅನ್ನುವುದಿಲ್ಲ. ಹೊಲಕ್ಕೆ ಮಾತ್ರ ಅದು ಮೃಷ್ಟಾನ್ನ. ಆ ಮೃಷ್ಟಾನ್ನವನ್ನು ಹೊಲ ಹೊಲಕ್ಕೆ ಬಡಿಸಿ ಬರುವುದು ಟ್ಯಾಂಕರಕ್ಕನ ಕೆಲಸ.

ಮೊದಲು ಅವಳು ಅದೇ ಡೈರಿಯಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಅವಳು ತೊಳೆದ ಕ್ಯಾನಿನಲ್ಲಿ ಹಾಲು ನಾಚಿಕೊಂಡು ಕೆಡುತ್ತಿರಲಿಲ್ಲ. ಆಗ ಟ್ಯಾಂಕರಿಗೆ ಬೇರೆ ಡ್ರೈವರ್ ಇದ್ದ. ಅವನ ಹೆಂಡತಿ ಒಂದು ಬೆಳಿಗ್ಗೆ, "ಮನೇಲಿ ನಾನಿರಬೇಕು, ಇಲ್ಲಾ ಆ ವಾಸನೆ ಇರಬೇಕು" ಎಂದು ಗಂಟು ಕಟ್ಟಿ ನಿಂತಳಂತೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಹೆಂಡತಿಯನ್ನೇ ಆರಿಸಿಕೊಂಡ. ಗುಂಡಿ ಕುತ್ತಿಗೆಯವರೆಗೆ ತುಂಬಿತು, ಮ್ಯಾನೇಜರು ತಲೆ ಮೇಲೆ ಕೈಹೊತ್ತು ಕುಳಿತರು. ಕ್ಯಾನು ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು, "ಕೀ ಕೊಡಿ ಸಾರ್" ಎಂದಳು. ಓಡಿಸಲು ಬರುತ್ತಿರಲಿಲ್ಲ ಎಂಬುದು ಅವರಿಗೆ ಆಮೇಲೆ ಗೊತ್ತಾಯಿತು. ಅವಳಿಗೆ ಮೊದಲು ಕೈಗೆ ಸಿಕ್ಕಿದ್ದು ರಿವರ್ಸ್ ಗೇರು. ಮುಂದಿನ ಗೇರು ಸಿಗುವವರೆಗೆ ಇಡೀ ಸುತ್ತಮುತ್ತಲಿನ ಹೊಲಗಳಿಗೆ ಅವಳು ಹಿಮ್ಮುಖವಾಗಿಯೇ ಹೋಗಿ ಬಗ್ಗಡ ಹಾಕಿ ಬಂದಳೆಂದೂ, ದಾರಿಯ ನಾಯಿಗಳು ಅವಳನ್ನು ಅಟ್ಟಿಸಿಕೊಂಡು ಹೋಗುವುದು ಯಾವ ದಿಕ್ಕಿಗೆಂದು ತಿಳಿಯದೆ ಸನ್ಯಾಸ ತೆಗೆದುಕೊಂಡವೆಂದೂ ಹೇಳುತ್ತಾರೆ.

ಅವಳ ಗಂಡ ಟೈಲರು. ಬಾಯಲ್ಲಿ ಯಾವಾಗಲೂ ಗುಂಡುಪಿನ್ನು ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಊಟಕ್ಕೆ ಹೋಗುವ ಮುಂಚೆ ಮೈಮೇಲಿನ ದಾರದ ತುಂಡುಗಳನ್ನೆಲ್ಲ ಹೊಸ್ತಿಲಲ್ಲಿ ಕೊಡವಬೇಕೆಂಬುದು ಅವಳ ಕಾನೂನು. ಒಮ್ಮೆ ಬೆನ್ನ ಮೇಲೆ ಹಸಿರು ದಾರವೊಂದು ಉಳಿದುಬಿಟ್ಟು, ಅಂದು ಅವನು ಕಟ್ಟೆಯ ಮೇಲೆ ಉಂಡ.

ಮಕ್ಕಳಿಲ್ಲ. ಇಲ್ಲ ಎಂದೂ ಹೇಳುವಂತಿಲ್ಲ, ತಂಗಿಯ ಮಗಳಿದ್ದಾಳೆ. ತಂಗಿಯ ಮನೆ ಅದೇ ಇಳಿಜಾರಿನಲ್ಲಿ ಕೆಳಗೆ; ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಂದು ಕಿಂಡಿ. ತಂಗಿ ಕೋಳಿ ಸಾಕಿಕೊಂಡು ಬಿಡುವಿಲ್ಲದೆ ಇದ್ದಾಗ ಆ ಹುಡುಗಿ ಬೆಳೆದದ್ದೇ ಟ್ಯಾಂಕರಿನ ಸೀಟಿನ ಮೇಲೆ. ದೊಡ್ಡಮ್ಮ ಓಡಿಸುವಳು, ಇವಳು ಕಿಟಕಿಯಿಂದ ತಲೆ ಹೊರಗೆ ಹಾಕಿ "ರೈಟ್ ರೈಟ್" ಎನ್ನುವಳು. ಕಡೆಗೆ ಬಸ್ ಕಂಡಕ್ಟರ್ ಆದಳು. ಈಗ ಮನೆಯಲ್ಲಿ ಉಪ್ಪು ಕೇಳಿದರೂ ಹಿಂದಿನ ಸೀಟಿನವರಿಗೆ ಕೇಳಿಸುತ್ತದೆ.

ದಿನಾ ಸಂಜೆ ಡೈರಿಯ ಗೇಟು ಮುಚ್ಚಿದ ಮೇಲೆ ಟ್ಯಾಂಕರಕ್ಕ ಕೊನೆಯ ಹೊಲದಿಂದ ನೇರ ಮನೆಗೆ ಬರುತ್ತಾಳೆ. ಬಂದವಳು ನೀರು ಕುಡಿಯುವುದಿಲ್ಲ, ಕೂರುವುದಿಲ್ಲ. ಮೊದಲು ಟ್ಯಾಂಕರಿಗೆ ಸ್ನಾನ. ಒಳಗೆ ಪೈಪು ಬಿಟ್ಟು ತಳ ಕಲಕಿ, ಗೋಡೆ ಉಜ್ಜಿ, ಆ ತೊಳೆದ ನೀರನ್ನು ಬೇಲಿ ಪಕ್ಕದ ಬದನೆ ಪಾತಿಗೆ ಬಿಡುತ್ತಾಳೆ. "ಸುಮ್ನೆ ಚರಂಡಿಗೆ ಯಾಕೆ ಬಿಡ್ಬೇಕು, ಗಿಡ ಆದ್ರೂ ತಿನ್ಲಿ." ಅದರ ಮೇಲೆ ವಾಸನೆ ಉಳಿಯಬಾರದೆಂದು ಪಾತಿಗೆ ಮತ್ತೆ ಮನೆ ಮುಂದಿನ ರಸ್ತೆಯ ನಲ್ಲಿ ತಿರುಗಿಸಿ ಬಿಡುತ್ತಾಳೆ. ಮಣ್ಣು ಮರಳು ಮರಳು. ಎಷ್ಟು ಬಿಟ್ಟರೂ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಒಣಗಿ ಕೂರುತ್ತಿತ್ತು. ಮಣ್ಣಿನ ಈ ಗುಣ ಟ್ಯಾಂಕರಕ್ಕನಿಗೆ ಬಲು ಇಷ್ಟ. "ನೋಡ್ರೀ, ಇದರಷ್ಟು ಕ್ಲೀನು ಯಾರಿದ್ದಾರೆ? ಎಲ್ಲಾ ತಿಂದು ತಟ್ಟೆ ತೊಳೆದಿಟ್ಟ ಹಾಗೆ."

ಆದರೆ ಒಂದು ಕೊರಗು ಅವಳಿಗಿತ್ತು. ಬಗ್ಗಡದ ಅಭಿಷೇಕ ದಿನಾ ನಡೆದರೂ ಅವಳ ಬದನೆ ಗಿಡಗಳು ಕಾಮಾಲೆ ಬಂದವರಂತೆ ಹಳದಿಯಾಗಿ ನಿಂತಿದ್ದವು. ಕಾಯಿ ಬಿಟ್ಟರೆ ಗೋಲಿಯಷ್ಟು. ಟೈಲರು ಅವನ್ನು ಶರಟಿಗೆ ಗುಂಡಿಯಾಗಿ ಹೊಲಿಯಬಹುದೇ ಎಂದು ಒಮ್ಮೆ ಅಳತೆ ಕೂಡ ನೋಡಿದ. ಬೇಲಿಯಾಚೆ, ಕೆಳಗಡೆ, ತಂಗಿಯ ಕುಂಬಳದ ಬಳ್ಳಿಗೆ ಯಾವ ಗೊಬ್ಬರವೂ ಇಲ್ಲ. ಬಾವಿಯಿಂದ ಸೇದಿ ಎರಡು ಕೊಡ ಚೆಲ್ಲಿದರೆ ಮುಗಿಯಿತು. ಆ ಕುಂಬಳವೋ! ಒಂದು ಕಾಯಿ ಬಾಗಿಲಲ್ಲಿ ಹಿಡಿಸದೆ ಅಡುಗೆಮನೆಯನ್ನೇ ಅದರ ಹತ್ತಿರ ಒಯ್ದು ಹೆಚ್ಚಬೇಕಾಯಿತು. ಇನ್ನೊಂದರ ನೆರಳಿನಲ್ಲಿ ಕೋಳಿಗಳು ಮರಿ ಮಾಡಿದವು.

"ಕೈಗುಣ ಕಣೇ ಅಕ್ಕಾ, ಕೈಗುಣ" ಎನ್ನುತ್ತಿದ್ದಳು ತಂಗಿ, ಬೇಲಿಯ ಕಿಂಡಿಯಲ್ಲಿ ಒಂದು ಹೋಳು ನೀಡುತ್ತಾ. "ನೀನು ಗಿಡಕ್ಕೂ ಸೋಪು ಹಾಕಿ ಉಜ್ತೀಯೇನೋ. ಪಾಪ, ಹೆದರ್ಕೊಂಡು ಬೆಳೀತಿಲ್ಲ."

"ಕೈಗುಣವಂತೆ ಕೈಗುಣ! ಉಗುರಿನ ಸಂದಿ ನೋಡು ಮೊದಲು, ಅದರೊಳಗೇ ಒಂದು ಬಳ್ಳಿ ಹಬ್ಬಿಸಬಹುದು" ಎಂದು ಟ್ಯಾಂಕರಕ್ಕ ಹೋಳು ಕಸಿದುಕೊಳ್ಳುವಳು. ಪಲ್ಯ ಮಾಡಿ ತಿನ್ನುವಳು. ತಿನ್ನುವಾಗ ಹೊಟ್ಟೆ ಉರಿಯುವುದು, ಖಾರಕ್ಕಲ್ಲ.

ಹೀಗೆ ಕಾಲ ಸರಿಯುತ್ತಿರುವಾಗ, ಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದ ತಂಗಿಯ ಕಂಡಕ್ಟರ್ ಮಗಳಿಗೆ ಒಂದು ಹೆಣ್ಣು ಪಾಪು ಹುಟ್ಟಿತು. ಮುಷ್ಟಿಯಷ್ಟು ಮುಖ, ಅಮ್ಮನದೇ ಗಂಟಲು. ರಜೆ ಮುಗಿಯುತ್ತ ಬಂತು. ಅವಳು ಡ್ಯೂಟಿಗೆ ಹೋದರೆ ಹಗಲೆಲ್ಲ ಪಾಪುವನ್ನು ನೋಡಿಕೊಳ್ಳುವವರು ಬೇಕು. ಅಮ್ಮನ ಮನೆಗೇ ಬಂದು ಇರುವುದೆಂದು ಮಾತಾಯಿತು. ಅಕ್ಕ ತಂಗಿ ಇಬ್ಬರಿಗೂ ನೆಲದ ಮೇಲೆ ಕಾಲಿಲ್ಲ. ಟೈಲರು ಗಿರಾಕಿಗಳ ಬಟ್ಟೆ ಬದಿಗಿಟ್ಟು ಅಂಗಿ ಹೊಲಿಯತೊಡಗಿದ. ಪಾಪು ಮದುವೆಯಾಗುವವರೆಗೆ ಸಾಲುವಷ್ಟು ಹೊಲಿದ. ಟ್ಯಾಂಕರಕ್ಕ ತಂಗಿಯ ಮನೆಯನ್ನು ತೊಳೆದಳು. ತೊಳೆದ ರಭಸಕ್ಕೆ ಗೋಡೆಯ ಬಣ್ಣ ಹೋಗಿ, ಅದರ ಹಿಂದಿನ ಬಣ್ಣವೂ ಹೋಗಿ, ಅಜ್ಜನ ಕಾಲದ ಬಣ್ಣ ಕಾಣಿಸಿತು.

ಅತ್ತ ಪಟ್ಟಣದಲ್ಲಿ ಬೀಗಿತ್ತಿಯೂ, ಅಂದರೆ ಕಂಡಕ್ಟರಳ ಅತ್ತೆ, ತೊಟ್ಟಿಲು ತಂದಿಟ್ಟುಕೊಂಡು ಕಣ್ಣಲ್ಲಿ ಎಣ್ಣೆ ಬಿಟ್ಟು ಕಾಯುತ್ತಿದ್ದಳು. ಸಣ್ಣದೊಂದು ನೆವ ಸಿಕ್ಕರೂ ಸಾಕು, ಪಾಪುವನ್ನು ಎತ್ತಿಕೊಂಡು ಹೋಗಲು ತಯಾರು. ಆ ನೆವವನ್ನು ತಂದುಕೊಟ್ಟವಳು ನೀರಿನ ಆಫೀಸಿನ ಹುಡುಗಿ.

ಅವಳು ಬಾವಿ ನೀರು ಪರೀಕ್ಷೆ ಮಾಡುತ್ತಾ ಮನೆ ಮನೆಗೆ ಬರುತ್ತಿದ್ದಳು. ತಂಗಿಯ ಬಾವಿಯ ನೀರನ್ನು ಲೋಟಕ್ಕೆ ಹಾಕಿ, ಒಂದು ಕಾಗದದ ಪಟ್ಟಿ ಅದ್ದಿದಳು. ಪಟ್ಟಿಯ ತುದಿ ಗುಲಾಬಿಯಾಯಿತು, ಕಡುಗುಲಾಬಿಯಾಯಿತು, ನೋಡನೋಡುತ್ತ ಬೀಟ್‌ರೂಟ್ ಆಯಿತು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಆಂಟಿ, ಈ ಮನೇಲಿ ಚಿಕ್ಕ ಮಗು ಇದೆಯಾ?"

"ನಾಳಿದ್ದು ಬರತ್ತೆ. ಬಾಟಲಿ ಹಾಲು. ಮಗಳಿಗೆ ಎದೆಹಾಲು ಸಾಲಲ್ಲ, ಪುಡಿ ಕಲಸಿ ಕೊಡ್ತಾಳೆ."

"ಈ ನೀರಲ್ಲಿ ಕಲಸ್ಬೇಡಿ. ನೈಟ್ರೇಟ್ ಅಂತ ಇದೆ, ಗೊಬ್ಬರದ ಉಪ್ಪು. ನಿಮಗೆ ನನಗೆ ಏನೂ ಗೊತ್ತಾಗಲ್ಲ. ಎಳೇ ಮಗುವಿನ ರಕ್ತ ಮಾತ್ರ ಉಸಿರನ್ನ ಹೊರೋದು ಬಿಟ್ಟುಬಿಡತ್ತೆ. ಮೈ ನೀಲಿ ಆಗತ್ತೆ."

"ಕುದಿಸ್ತೀನಮ್ಮಾ, ಚೆನ್ನಾಗಿ ಕುದಿಸ್ತೀನಿ."

"ಕುದಿಸಿದ್ರೆ ನೀರು ಇಂಗತ್ತೆ, ಉಪ್ಪು ಅಲ್ಲೇ ಇರತ್ತೆ. ಇನ್ನೂ ಜಾಸ್ತಿ ಆಗತ್ತೆ ಆಂಟಿ."

ತಂಗಿ ಬಾವಿಕಟ್ಟೆಯ ಮೇಲೆ ಕುಸಿದು ಕೂತಳು. ಮಗಳಿಗೆ ಫೋನು ಮಾಡಿದಳು. ಮಗಳ ಉತ್ತರ ಫೋನಿಲ್ಲದಿದ್ದರೂ ಕೇಳಿಸುತ್ತಿತ್ತು. "ಅಮ್ಮಾ, ಆ ಗೊಬ್ಬರ ಎಲ್ಲಿಂದ ಬಂತು ಅಂತ ಮೊದಲು ಗೊತ್ತಾಗ್ಲಿ, ಅದು ನಿಲ್ಲಲಿ. ಗೊತ್ತಿಲ್ಲದೇ ಇರೋ ಮನೆಗೆ ನಾನು ಪಾಪುನ ತರಲ್ಲ. ಅಲ್ಲಿವರೆಗೆ ಅತ್ತೆ ಹತ್ರ ಇರ್ಲಿ."

ಬೀಗಿತ್ತಿ ಹಿಂದಿನಿಂದ ತೊಟ್ಟಿಲು ತೂಗಿದ ಸದ್ದೂ ಫೋನಿನಲ್ಲಿ ಕೇಳಿಸಿತೆಂದು ತಂಗಿ ಇವತ್ತಿಗೂ ಹೇಳುತ್ತಾಳೆ.

ಗೊಬ್ಬರ ಎಂದ ಕೂಡಲೇ ತಂಗಿಯ ಕಣ್ಣು ಬೇಲಿಯಾಚೆಗೆ, ಮೇಲಕ್ಕೆ ಹೋಯಿತು. ಅಲ್ಲಿ ಟ್ಯಾಂಕರಕ್ಕ ಹಾಡು ಗುನುಗುತ್ತಾ ಟ್ಯಾಂಕರಿನ ಬೆನ್ನು ಉಜ್ಜುತ್ತಿದ್ದಳು.

"ಅಕ್ಕಾ, ನಿನ್ನ ಬಗ್ಗಡ ನನ್ನ ಬಾವಿಗೆ ಇಳೀತಿದೆ."

ಉಜ್ಜುವ ಬ್ರಷ್ಷು ಗಾಳಿಯಲ್ಲೇ ನಿಂತಿತು. ಜೀವಮಾನದಲ್ಲಿ ಟ್ಯಾಂಕರಕ್ಕನನ್ನು ಏನೆಂದರೂ ಅನ್ನಬಹುದಿತ್ತು. ಕೋಪಿಷ್ಠೆ ಎನ್ನಬಹುದಿತ್ತು, ಅವಳ ಸಾರು ಸಪ್ಪೆ ಎನ್ನಬಹುದಿತ್ತು. ಗಲೀಜು ಮಾಡಿದ್ದಾಳೆ ಎಂದು ಯಾರೂ ಅಂದಿರಲಿಲ್ಲ.

"ಏನಂದೆ? ಇನ್ನೊಂದ್ಸಲ ಹೇಳು."

"ನಿನ್ನ ಪಾತಿ ಮೇಲಿದೆ, ನನ್ನ ಬಾವಿ ಕೆಳಗಿದೆ. ಮಿಕ್ಕಿದ್ದು ನೀನೇ ಹೇಳು."

"ಲೇ, ನಿನ್ನ ಬಾವಿ ನೀರು ಇಲ್ಲಿ ತಾ. ಕಪ್ಪಗಿದೆಯಾ? ಇಲ್ಲ. ನಾರತ್ತಾ? ಇಲ್ಲ. ಕಣ್ಣೀರಿನ ಹಾಗೆ ತಿಳಿಯಾಗಿದೆ. ಬಗ್ಗಡ ಹೋಗಿದ್ರೆ ತಿಳಿಯಾಗಿರತ್ತಾ? ನಿನ್ನ ಕೋಳಿ ಮಾಡಿರೋ ಕೆಲಸ ಅದು. ಎಷ್ಟು ಸಲ ಬಡ್ಕೊಂಡೆ, ಗೂಡು ತೊಳಿ, ಗೂಡು ತೊಳಿ ಅಂತ!"

"ನನ್ನ ನಾಲ್ಕು ಕೋಳಿ ಒಂದು ಬಾವಿ ಕೆಡಿಸ್ತಾವಾ? ಅವೇನು ಆನೆ ಕಾಲಿನ ಕೋಳಿಗಳಾ?"

ಟ್ಯಾಂಕರಕ್ಕ ಏಣಿಯಿಂದ ಇಳಿದಳು. ಸೊಂಟದಿಂದ ಕೀ ಗೊಂಚಲು ತೆಗೆದು ಮೇಲೆತ್ತಿ ಹಿಡಿದಳು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತರು. "ಎಲ್ಲರೂ ಕೇಳಿ! ಆ ಬಾವಿಗೆ ನನ್ನ ಪಾತಿಯಿಂದ ಬಗ್ಗಡದ ಗುಣ ಇಳಿದಿದೆ ಅಂತ ಯಾರಾದ್ರೂ ತೋರಿಸ್ಲಿ. ಇನ್ನು ಈ ಜನ್ಮದಲ್ಲಿ ನಾನು ಸ್ಟೇರಿಂಗ್ ಮುಟ್ಟಲ್ಲ!"

ಟೈಲರು ಬಾಯಿಂದ ಪಿನ್ನು ತೆಗೆದ. ಅದು ಗಂಭೀರ ಸಂದರ್ಭದ ಗುರುತು. "ಏನೇ, ಅಷ್ಟೊಂದು ಯಾಕೆ..."

"ನೀವು ಪಿನ್ನು ಹಾಕ್ಕೊಳಿ."

ನೀರಿನ ಆಫೀಸಿನ ಹುಡುಗಿಯನ್ನು ಮತ್ತೆ ಕರೆಸಲಾಯಿತು. ಅವಳು ಜಗಳಕ್ಕೆ ಹೆದರುವವಳಲ್ಲ. ದಿನಾ ಬಾವಿಕಟ್ಟೆಗಳಲ್ಲೇ ಅವಳ ಓಡಾಟ. "ಪರೀಕ್ಷೆ ಸುಲಭ" ಎಂದಳು. "ತೋಳುದ್ದದ ಎರಡು ಪೈಪು ತನ್ನಿ, ಕೆಳಗಿನ ಬಾಯಿಗೆ ಬಟ್ಟೆ ಕಟ್ಟಿ. ಒಂದಕ್ಕೆ ಬದನೆ ಪಾತಿಯ ಮಣ್ಣು. ಇನ್ನೊಂದಕ್ಕೆ ಯಾರೂ ಏನೂ ಹಾಕದೇ ಇರೋ ಜಾಗದ ಮಣ್ಣು. ಎರಡಕ್ಕೂ ನಲ್ಲಿ ನೀರು ಹಾಕಿ, ಕೆಳಗೆ ಏನು ಸೋರತ್ತೆ ನೋಡೋಣ."

"ನಾನೇ ತುಂಬ್ತೀನಿ. ಆಮೇಲೆ ಮೋಸ ಆಯ್ತು ಅನ್ನೋ ಮಾತು ಬೇಡ" ಎಂದಳು ಟ್ಯಾಂಕರಕ್ಕ.

ಪಾತಿಯ ಮಣ್ಣು ಒಂದರಲ್ಲಿ. ಟೈಲರಿನ ಕಿಟಕಿಯ ಕೆಳಗಿನ ಮಣ್ಣು ಇನ್ನೊಂದರಲ್ಲಿ. ಅಲ್ಲಿಗೆ ದಾರದ ತುಂಡು ಬಿಟ್ಟರೆ ಬೇರೇನೂ ಬಿದ್ದದ್ದಿಲ್ಲ. ಟೈಲರು ಪೈಪಿನ ಬಾಯಿಗೆ ಬಟ್ಟೆ ಕಟ್ಟಿದ ಎಂದರೆ ಸಾಲದು: ಅಳತೆ ತೆಗೆದು, ಅಂಚು ಮಡಿಸಿ, ಲಾಡಿ ಪೋಣಿಸಿ, ಎರಡು ಪೈಪಿಗೂ ಚಡ್ಡಿ ತೊಡಿಸಿದ. ಬಟ್ಟೆ ಒಣಹಾಕುವ ಗಳುವಿಗೆ ಎರಡನ್ನೂ ನೇತುಹಾಕಿ, ಕೆಳಗೆ ಒಂದೊಂದು ಗಾಜಿನ ಲೋಟ ಇಟ್ಟರು. ಟ್ಯಾಂಕರಕ್ಕನಿಗೆ ಅಷ್ಟಕ್ಕೂ ಸಮಾಧಾನವಿಲ್ಲ. ತನ್ನ ಪಾತಿಯ ಪೈಪಿಗೆ ನೀರಿನ ಮುಂಚೆ ಒಂದು ಚೊಂಬು ಕಪ್ಪು ಬಗ್ಗಡವನ್ನೂ ಸುರಿದಳು. "ಮೇಲೆ ಇದು ಹೋಗ್ಲಿ, ಕೆಳಗೆ ಏನು ಬರತ್ತೆ ಅಂತ ಊರೇ ನೋಡ್ಲಿ!"

ಊರು ನೋಡಲು ಬಂದಿತ್ತು. ಅಂಗಳದಲ್ಲಿ ಅರ್ಧ ಬೀದಿ ಸೇರಿತ್ತು. ಬಸ್ಸಿನ ಡ್ಯೂಟಿಗೆ ಇನ್ನೂ ಸೇರದ ಕಂಡಕ್ಟರಳೂ ಪಾಪುವನ್ನು ಬೀಗಿತ್ತಿಯ ಬಳಿ ಬಿಟ್ಟು ಬಂದಿದ್ದಳು. ತಂಗಿ, ಎಷ್ಟೇ ಕೋಪವಿದ್ದರೂ ಬಂದವರಿಗೆ ಕೊಡದಿದ್ದರೆ ಹೇಗೆಂದು, ನಲ್ಲಿ ನೀರಲ್ಲೇ ಟೀ ಕಾಯಿಸಿ ಸೋಸುತ್ತಿದ್ದಳು.

ಮೊದಲ ಹನಿ ಬರುವವರೆಗೆ ಯಾರೂ ಕೆಮ್ಮಲಿಲ್ಲ. ಟಪ್. ಇನ್ನೊಂದು. ಟಪ್. ಬಗ್ಗಡ ಸುರಿದ ಪೈಪಿನ ಕೆಳಗೆ ಬಿದ್ದ ನೀರು, ಆಹಾ, ಅಷ್ಟು ತಿಳಿ ಅಷ್ಟು ತಿಳಿ ಎಂದರೆ ಲೋಟ ಖಾಲಿ ಇದೆಯೆಂದು ಒಂದು ನೊಣ ಒಳಗಿಳಿದು ಮುಳುಗಿತು. ವಾಸನೆಯಿಲ್ಲ, ಬಣ್ಣವಿಲ್ಲ.

ಟ್ಯಾಂಕರಕ್ಕನ ಮುಖ ಅರಳಿದ್ದನ್ನು ಏನೆಂದು ಹೇಳುವುದು! ಕಾಲರು ಮುಖದ ಮುಂದೆ ಮಂಕಾಯಿತು. "ಮೇಲೆ ಕಪ್ಪು, ಕೆಳಗೆ ಕನ್ನಡಿ! ಕಣ್ಣಿದ್ದವರು ನೋಡ್ಕೊಳಿ! ನನ್ನ ಮಣ್ಣು ಎಲ್ಲಾ ಹಿಡ್ಕೊಳ್ಳತ್ತೆ. ಬೇಕಾದ್ರೆ ಇದನ್ನ ನಾನೇ ಕುಡಿದು ತೋರಿಸ್ತೀನಿ." ನೊಣವನ್ನು ಬೆರಳಲ್ಲಿ ತೆಗೆದೆಸೆದು ಲೋಟವನ್ನು ತುಟಿಗೆತ್ತಿದಳು.

"ಅಮ್ಮಾ, ಒಂದು ನಿಮಿಷ" ಎಂದು ಹುಡುಗಿ ಅವಳ ಮಣಿಕಟ್ಟು ಹಿಡಿದಳು. "ಪಟ್ಟಿ ಅದ್ದೋಣ. ಆಮೇಲೆ ಕುಡೀರಿ."

ಮೊದಲು ಕಿಟಕಿ ಮಣ್ಣಿನ ಲೋಟ. ಪಟ್ಟಿ ಬಿಳಿಯಾಗಿಯೇ ಉಳಿಯಿತು. ತುದಿಯಲ್ಲಿ ನಾಚಿಕೆಯಷ್ಟು ಕೆಂಪು. ಆಮೇಲೆ ಕನ್ನಡಿಯಂಥ ನೀರಿನ ಲೋಟ. ಪಟ್ಟಿ ಗುಲಾಬಿ. ಕಡುಗುಲಾಬಿ. ಬೀಟ್‌ರೂಟ್. ಅದರ ಮುಂದೆ ಯಾವ ತರಕಾರಿಯ ಹೆಸರು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಟ್ಯಾಂಕರಕ್ಕ ಲೋಟವನ್ನು ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. ಮೂಸಿದಳು. "ಇದು ಕ್ಲೀನಾಗಿದೆ" ಎಂದಳು. ಧ್ವನಿ ಮಾತ್ರ ಅವಳದಾಗಿರಲಿಲ್ಲ. "ಇದು ಕ್ಲೀನಾಗಿದೆಯಲ್ಲ..."

"ಬಣ್ಣ, ವಾಸನೆ, ಗಸಿ, ಅದನ್ನೆಲ್ಲ ಮಣ್ಣು ಹಿಡಿದಿಟ್ಕೊಂಡಿದೆ ಅಮ್ಮಾ. ಅಲ್ಲಿ ನೀವು ಹೇಳಿದ್ದು ಸರಿ" ಎಂದಳು ಹುಡುಗಿ ಮೆತ್ತಗೆ. "ಆದ್ರೆ ಬಗ್ಗಡದ ಸತ್ವ ಮಣ್ಣಲ್ಲಿ ಕೆಲವು ವಾರ ಇದ್ರೆ ಉಪ್ಪಿನ ಥರ ಆಗತ್ತೆ, ನೀರಲ್ಲಿ ಕರಗತ್ತೆ. ಹಸಿದ ಬೇರು ಸಿಕ್ಕಿದ್ರೆ ಕುಡಿಯತ್ತೆ. ಇಲ್ಲದಿದ್ರೆ, ಮೇಲಿಂದ ನೀವು ನೀರು ಬಿಡ್ತಾನೇ ಇದ್ರೆ, ನೀರು ಅದನ್ನ ಹೊತ್ಕೊಂಡು ಕೆಳಗೆ ಹೋಗತ್ತೆ. ಈಗ ಸೋರಿದ್ದು ಇವತ್ತಿನ ಬಗ್ಗಡದ್ದಲ್ಲ, ಹಿಂದೆ ಹಾಕಿದ್ದು."

ತಂಗಿ ಸೋಸುತ್ತಿದ್ದ ಕೈಯನ್ನೇ ನೋಡಿಕೊಂಡಳು. ಸೋಸುಣಿಗೆಯನ್ನು ಮೇಲೆತ್ತಿ ಹಿಡಿದಳು. "ಅಂದ್ರೆ ಇದೇ ಥರಾನಾ? ಟೀ ಸೊಪ್ಪು ಇಲ್ಲಿ ನಿಂತಿದೆ. ಸಕ್ಕರೆ ನಿಂತಿಲ್ಲ."

"ಅದೇ ಆಂಟಿ. ಅದೇ."

ಟ್ಯಾಂಕರಕ್ಕ ಕಣ್ಣಿಗೆ ಕಂಡ ಕೊಳೆಯೊಂದಿಗೆ ಬದುಕಿಡೀ ಗುದ್ದಾಡಿದವಳು. ಕಣ್ಣಿಗೆ ಕಾಣದ ಕೊಳೆ ಅವಳ ಬ್ರಷ್ಷಿನ ಲೆಕ್ಕದಲ್ಲಿರಲಿಲ್ಲ. ದಿನಾ ಸಂಜೆ, ಅಷ್ಟು ಪ್ರೀತಿಯಿಂದ, ಒಂದು ಹನಿ ಆಚೀಚೆ ಚೆಲ್ಲದ ಹಾಗೆ, ತೊಳೆದು ತೊಳೆದು ತಂಗಿಯ ಬಾವಿಗೆ ಇಳಿಸಿದ್ದಳು. ಪಾಪುವಿನ ಬಾಟಲಿಯ ಹತ್ತಿರದವರೆಗೆ ಬಂದಿತ್ತು ಅದು, ಇನ್ನೊಂದೇ ಗೇಣು ಬಾಕಿ.

ಅವಳು ಸೊಂಟದಿಂದ ಕೀ ತೆಗೆದಳು. ತಂಗಿಯ ಕೈಯಲ್ಲಿಟ್ಟಳು.

ತಂಗಿ ಕೀಯನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?"

"ಮಾತು ಅಂದ್ರೆ ಮಾತು ಕಣೇ."

"ನೀನು ಸ್ಟೇರಿಂಗ್ ಬಿಟ್ರೆ ನಿನ್ನ ಕೈ ಸುಮ್ನೆ ಕೂರತ್ತಾ? ಬೆಳಗಾಗೆದ್ದು ನಮ್ಮನೆ ತೊಳೆಯೋಕೆ ಬರ್ತೀಯ. ಹೋದ ಸಲ ತೊಳೆದಿದ್ದಕ್ಕೆ ಅಜ್ಜನ ಕಾಲದ ಬಣ್ಣ ಬಂತು. ಇನ್ನೊಂದ್ಸಲ ತೊಳೆದ್ರೆ ಇಟ್ಟಿಗೆ ಕಾಣತ್ತೆ. ಬೇಡಮ್ಮಾ ತಾಯಿ!" ಎಂದು ಕೀಯನ್ನು ಅಕ್ಕನ ಶರಟಿನ ಜೇಬಿಗೆ ತುರುಕಿದಳು. ಟೀ ಸೊಪ್ಪಿನ ಕೈ. ಬಿಳಿ ಜೇಬಿನ ಮೇಲೆ ಕಂದು ಕಲೆಯಾಯಿತು. ಟ್ಯಾಂಕರಕ್ಕ ಅದನ್ನು ನೋಡಿದಳು, ಒರೆಸಲಿಲ್ಲ.

ಟೈಲರು ಆ ಹೊತ್ತಿಗೆ ಪಿನ್ನು ತೆಗೆದು, ಗಂಟಲು ಸರಿಮಾಡಿಕೊಂಡು, ಹುಡುಗಿಯ ಕಡೆ ತಿರುಗಿದ್ದ. "ಒಂದು ಸಂಶಯ. ಸತ್ವ ಎಲ್ಲಾ ಬಾವಿಗೆ ಹೋಯ್ತು ಅಂದ್ರಲ್ಲ. ಬಾವಿ ನೀರು ಆ ಕುಂಬಳದ ಬಳ್ಳಿಗೆ ಹೋಗತ್ತೆ. ಹಾಗಾದ್ರೆ ಆ ಕುಂಬಳ..."

ಅವನು ಮಾತು ಮುಗಿಸಬೇಕಾಗಿರಲಿಲ್ಲ. ಟ್ಯಾಂಕರಕ್ಕನ ಕುತ್ತಿಗೆ ನಿಧಾನಕ್ಕೆ ನೆಟ್ಟಗಾಯಿತು.

"ಲೇ!" ಎಂದಳು. ಹಳೆಯ ಧ್ವನಿ ಮರಳಿತ್ತು. "ಕೈಗುಣ ಅಂದ್ಯಲ್ಲೇ! ನನ್ನ ಬದನೆ ಬಾಯಿಂದ ಕಿತ್ಕೊಂಡು ನಿನ್ನ ಕುಂಬಳಕ್ಕೆ ತಿನ್ನಿಸಿದ್ದೀಯ! ಆ ಕುಂಬಳ ಅಷ್ಟೂ ನಂದು! ಹೋಳು ಹೋಳು ಮಾಡಿ ನನಗೇ ದಾನ ಕೊಡ್ತಿದ್ಯಾ?"

"ಅಯ್ಯೋ, ತಗೊಂಡು ಹೋಗು! ಬಾಗಿಲಲ್ಲಿ ಹಿಡಿಸಿದ್ರೆ!"

ನಗು ಎದ್ದಿತು, ಬೇಲಿ ಅಲ್ಲಾಡಿತು, ಕೋಳಿಗಳು ಹೆದರಿ ಬಾವಿಕಟ್ಟೆ ಏರಿದವು. ನಗದೆ ನಿಂತವಳು ಕಂಡಕ್ಟರ್ ಒಬ್ಬಳೇ.

"ದೊಡ್ಡಮ್ಮಾ" ಎಂದಳು, ಬಸ್ಸು ನಿಲ್ಲಿಸುವ ಧ್ವನಿಯಲ್ಲಿ. ನಗು ನಿಂತಿತು. "ಎಲ್ಲಿಂದ ಬಂತು ಅಂತ ಗೊತ್ತಾಯ್ತು. ಹೇಗೆ ನಿಲ್ಲಿಸ್ತೀಯ, ಅದು ಹೇಳು. ನಾನು ಪಾಪುನ ತರ್ಬೇಕೋ ಬೇಡ್ವೋ?"

ಟ್ಯಾಂಕರಕ್ಕ ಹುಡುಗಿಯ ಮುಖ ನೋಡಿದಳು. ಹುಡುಗಿ ಹೇಳಿದ್ದು ಇಷ್ಟು: ಡೈರಿಯಲ್ಲಿ ಸೆಗಣಿ ಕಲಸಲು ಹೇಗೂ ನೀರು ಬೇಕು, ಟ್ಯಾಂಕರು ತೊಳೆದ ನೀರನ್ನು ಅದಕ್ಕೇ ಬಳಸಲಿ, ಗುಂಡಿಯಿಂದ ಬಂದದ್ದು ಗುಂಡಿಗೇ ಹೋಗಲಿ. ಬದನೆ ಪಾತಿಗೆ ಇನ್ನು ಬಗ್ಗಡವೂ ಬೇಡ, ನಲ್ಲಿಯ ಅಭಿಷೇಕವೂ ಬೇಡ. ಬೇಲಿ ಉದ್ದಕ್ಕೆ ಮುಸುಕಿನ ಜೋಳ ಬಿತ್ತಲಿ, ಅದರ ಬೇರು ಆಳಕ್ಕಿಳಿದು ಉಳಿದದ್ದನ್ನು ಹೀರಿಕೊಳ್ಳಲಿ. ಬಾವಿ ಸರಿಯಾಗಲು ಒಂದೆರಡು ಮಳೆಗಾಲ ಬೇಕಾಗಬಹುದು. ಅಲ್ಲಿಯವರೆಗೆ ಪಾಪುವಿಗೆ ರಸ್ತೆ ಮೇಲಿನ ನಲ್ಲಿಯ ನೀರು.

"ಡೈರೀಲೇ ತೊಳೀಬೇಕಾ?" ಟ್ಯಾಂಕರಕ್ಕನ ಮುಖ ಹುಳ್ಳಗಾಯಿತು. "ಸಂಜೆ ನಾನು ವಾಪಸ್ ಬರೋ ಹೊತ್ತಿಗೆ ಗೇಟ್ ಹಾಕಿರತ್ತೆ. ಹಾಗಾದ್ರೆ ಬೆಳಗಾಗೋವರೆಗೂ ಟ್ಯಾಂಕರು... ಹಾಗೇ? ತೊಳೆಯದೇ? ನಮ್ಮನೆ ಮುಂದೆ?"

"ಹಾಗೇ" ಎಂದಳು ಕಂಡಕ್ಟರ್.

ಟ್ಯಾಂಕರಕ್ಕ ಕಣ್ಣು ಮುಚ್ಚಿದಳು. ಸ್ಟೇರಿಂಗ್ ಬಿಡುವುದು ಇದಕ್ಕಿಂತ ಸುಲಭವಿತ್ತು. ಟೈಲರು ಅವಳ ಹಿಂದೆ ಬಂದು ನಿಂತ, ಬಿದ್ದರೆ ಹಿಡಿಯೋಣವೆಂದು.

"ಆಯ್ತು" ಎಂದಳು. "ಪಾಪುನ ಕರ್ಕೊಂಡು ಬಾ. ನೀರು ನಾನು ತರ್ತೀನಿ."

ಪಾಪು ಬಂತು. ಬೀಗಿತ್ತಿ ಜೊತೆಗೇ ಬಂದು, ಲೋಟ ಲೋಟಕ್ಕೂ ಪಟ್ಟಿ ಅದ್ದಿಸಿ, ನಲ್ಲಿಯ ನೀರಿನಲ್ಲಿ ತಪ್ಪು ಸಿಗದೆ ಬೇಸರಪಟ್ಟು, ತೊಟ್ಟಿಲನ್ನಾದರೂ ಇಟ್ಟುಕೊಳ್ಳಿ ಎಂದು ಬಿಟ್ಟು ಹೋದಳು.

ಅಂದಿನಿಂದ ಬೆಳಿಗ್ಗೆ ಟ್ಯಾಂಕರಕ್ಕ ಮೊದಲು ಹೋಗುವುದು ರಸ್ತೆ ಮೇಲಿನ ನಲ್ಲಿಗೆ. ಕೊಡವನ್ನು ಎಷ್ಟು ಉಜ್ಜುತ್ತಾಳೆಂದರೆ ಅದು ವರ್ಷಕ್ಕೊಮ್ಮೆ ತೆಳ್ಳಗಾಗಿ ಹೊಸದು ತರಬೇಕಾಗುತ್ತದೆ. ಮಳೆ ಬರಲಿ, ಜ್ವರ ಬರಲಿ, ಪಾಪುವಿನ ನೀರು ತಪ್ಪಲಿಲ್ಲ. ಸಂಜೆ ಮಾತ್ರ ಅವಳ ಕಷ್ಟ ನೋಡುವಂತಿರಲಿಲ್ಲ. ಬಾಗಿಲ ಮುಂದೆ ಟ್ಯಾಂಕರು ಹೊಟ್ಟೆಯ ಮೇಲೆ ಕಪ್ಪು ಗೆರೆ ಎಳೆದುಕೊಂಡು ನಿಂತಿರುತ್ತಿತ್ತು. ಅವಳು ಅದಕ್ಕೆ ಬೆನ್ನು ಹಾಕಿ ಕಟ್ಟೆಯ ಮೇಲೆ ಕೂರುವಳು. ಕೈ ತುರಿಸುವುದು. ತುರಿಕೆ ತಾಳದೆ ಟೈಲರಿನ ಕತ್ತರಿ ಉಜ್ಜುವಳು, ಬೀಗ ಉಜ್ಜುವಳು. ಒಂದು ಸಲ ದಾರಿಯಲ್ಲಿ ಹೋಗುತ್ತಿದ್ದ ಯಾರದೋ ಆಡನ್ನು ಹಿಡಿದು ಉಜ್ಜಿ ಕಳಿಸಿದಳು. ಮನೆಗೆ ಹೋದ ಆಡನ್ನು ಮಾಲೀಕ ಗುರುತು ಹಿಡಿಯಲಿಲ್ಲವಂತೆ.

ಹೊಲಗಳಲ್ಲಿ ಅವಳ ಮಾತೂ ಬದಲಾಯಿತು. "ಇನ್ನೂ ಬಿಡಿ, ಟ್ಯಾಂಕರ್ ಖಾಲಿ ಮಾಡಿ" ಎನ್ನುವ ರೈತನಿಗೆ ಸೊಂಟದ ಮೇಲೆ ಕೈಯಿಟ್ಟು ಕೇಳುವಳು: "ಏನಣ್ಣಾ, ಮಗು ಹಸಿದಿದೆ ಅಂತ ಬಾಯಿಗೆ ಬಕೆಟ್ ಕವುಚಿ ಹಾಕ್ತೀಯಾ? ತುತ್ತು ತುತ್ತಾಗಿ ಕೊಡ್ಬೇಕು. ಮೋಡ ಬೇರೆ ಕಟ್ಟಿದೆ. ಇವತ್ತು ಹಾಕಿದ್ರೆ ಕೆಳಗಿನ ಹೊಲದವನ ಕುಂಬಳ ದಪ್ಪ ಆಗತ್ತೆ, ನೋಡ್ಕೋ."

ಬೇಲಿಯ ಮುಸುಕಿನ ಜೋಳ ಎಷ್ಟೆತ್ತರ ಬೆಳೆಯಿತೆಂದು ಹೇಳಿದರೆ ನಂಬುವುದಿಲ್ಲ, ಆದ್ದರಿಂದ ಕಡಿಮೆ ಮಾಡಿ ಹೇಳಬೇಕು: ಅದರ ತುದಿಯಲ್ಲಿ ಕೂತ ಕಾಗೆಗೆ ಪಟ್ಟಣದಲ್ಲಿ ಬೀಗಿತ್ತಿ ಏನು ಅಡುಗೆ ಮಾಡುತ್ತಿದ್ದಾಳೆಂದು ಕಾಣುತ್ತಿತ್ತು. ಕಟಾವು ಮಾಡಿ ಡೈರಿಯ ಹಸುಗಳಿಗೆ ಹಾಕಿದರು. ಹಸುಗಳು ತಿಂದು ಮತ್ತೆ ಸೆಗಣಿ ಹಾಕಿದವು.

ಪಾಪುವಿಗೆ ಕಾಲು ಬಂತು, ಮಾತು ಬಂತು. ಮೊದಲ ಮಾತು ಅಜ್ಜಿಯೂ ಅಲ್ಲ, ಬೀಗಿತ್ತಿಯ ಹೆಸರೂ ಅಲ್ಲ, "ರೈತ್ ರೈತ್".

ಒಂದು ಸಂಜೆ ತಂಗಿ ಬೇಲಿಯ ಕಿಂಡಿಯಲ್ಲಿ ನುಸುಳಿ ಏದುಸಿರು ಬಿಡುತ್ತಾ ಓಡಿ ಬಂದಳು. ಸೆರಗಿನಲ್ಲಿ ಏನೋ ಮುಚ್ಚಿಕೊಂಡಿದ್ದಳು. ಹಿಂದೆಯೇ ಪಾಪು ಕುಪ್ಪಳಿಸುತ್ತಾ ಬಂತು.

"ಅಕ್ಕಾ! ಅಕ್ಕಾ! ನೋಡಿಲ್ಲಿ!"

ಸೆರಗು ಸರಿಸಿದಳು. ಒಂದು ಕುಂಬಳಕಾಯಿ. ಬಲಿತದ್ದು, ಇನ್ನು ಬೆಳೆಯದು. ಗಾತ್ರ ಪಾಪುವಿನ ಚೆಂಡಿನಷ್ಟು. ಚೆಂಡೇ ಸ್ವಲ್ಪ ದೊಡ್ಡದಿರಬಹುದು.

ಟ್ಯಾಂಕರಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು. ಅಷ್ಟು ಬಡಕಲು ಕುಂಬಳವನ್ನು ಅಷ್ಟು ಸಂತೋಷದಿಂದ ನೋಡಬಹುದೆಂದು ಆ ಬಳ್ಳಿಗೂ ಗೊತ್ತಿರಲಿಲ್ಲ.

"ಎಲ್ಲಾ ಹೀಗೇನಾ?"

"ಎಲ್ಲಾ ಹೀಗೇ! ಬಳ್ಳೀಲಿ ಒಂದೇ ಒಂದು ದೊಡ್ಡದಿಲ್ಲ! ನನ್ನ ಕೈಗುಣ ಪೂರ್ತಿ ಹಾಳಾಗಿ ಹೋಯ್ತು ಕಣೇ!" ಎಂದು ತಂಗಿ ಕುಣಿದಳು.

ನೀರಿನ ಆಫೀಸಿನ ಹುಡುಗಿಗೆ ಫೋನು ಹೋಯಿತು. ಅವಳು ಬಂದು ಬಾವಿಯ ನೀರಿಗೆ ಪಟ್ಟಿ ಅದ್ದಿದಳು. ಎಲ್ಲರೂ ಬಗ್ಗಿ ನೋಡಿದರು, ತಲೆಗೆ ತಲೆ ತಗುಲಿತು. ಪಟ್ಟಿ ಬಿಳಿ. ತುದಿಯಲ್ಲಿ ನಾಚಿಕೆಯಷ್ಟು ಕೆಂಪು, ಅಷ್ಟೇ.

"ಕುಡಿಸಬಹುದು" ಎಂದಳು ಹುಡುಗಿ.

ಟ್ಯಾಂಕರಕ್ಕ ತಾನೇ ಬಾವಿಯಿಂದ ಸೇದಿದಳು. ಲೋಟವನ್ನು ಬೆಳಕಿಗೆ ಹಿಡಿದು ನೋಡಲು ಹೋದವಳು ಅರ್ಧಕ್ಕೇ ಕೈ ಇಳಿಸಿದಳು. ಬೆಳಕಿಗೆ ಹಿಡಿದು ಏನು ಪ್ರಯೋಜನವೆಂದು ಅವಳಿಗೆ ಈಗ ಗೊತ್ತು. ಹುಡುಗಿಯ ಪಟ್ಟಿಯನ್ನು ಮತ್ತೊಮ್ಮೆ ನೋಡಿ, ಲೋಟವನ್ನು ಪಾಪುವಿನ ಬಾಯಿಗಿಟ್ಟಳು. ಪಾಪು ಅರ್ಧ ಕುಡಿದು ಅರ್ಧವನ್ನು ದೊಡ್ಡಜ್ಜಿಯ ಬಿಳಿ ಶರಟಿನ ಮೇಲೆ ಉಗುಳಿ, ಟ್ಯಾಂಕರಿನ ಕಡೆ ಓಡಿತು. ಕೊಳೆಯಾಗಿ ನಿಂತಿದ್ದ ಅದರ ಹೊಟ್ಟೆಯ ಮೇಲೆ ಎರಡೂ ಅಂಗೈ ಒತ್ತಿ, ಕಪ್ಪು ಅಂಗೈಗಳನ್ನು ಎಲ್ಲರಿಗೂ ತೋರಿಸಿತು.

"ತೊಳೀತೀನಿ ಬಾರೇ" ಎಂದು ಟ್ಯಾಂಕರಕ್ಕ ಎದ್ದಳು. ಕೈ ಆಗಲೇ ತುರಿಸುತ್ತಿತ್ತು. ನಲ್ಲಿಯ ಹತ್ತಿರ ಹೋದವಳು ನಿಂತು, ಒಂದು ಬಕೆಟ್ ತಂದು ಪಾಪುವಿನ ಕೈಗಳ ಕೆಳಗೆ ಇಟ್ಟಳು.

"ಈ ನೀರು ಯಾಕೆ ಹಿಡೀತಿದ್ದೀಯ ದೊಡ್ಡಮ್ಮಾ?" ಎಂದು ಕಂಡಕ್ಟರ್ ಕೂಗಿದಳು.

"ನಾಳೆ ಡೈರಿ ಗುಂಡಿಗೆ" ಎಂದಳು ಟ್ಯಾಂಕರಕ್ಕ.